ಕಿವಿಯ ಮೇಲಿನ ಮೆತ್ತೆ: ಹೆಡ್‌ಫೋನ್ ಪ್ಯಾಡ್ ಬದಲಿಸಿದ್ದೀರಾ?

ಕಳೆದ ಮಳೆಗಾಲದಲ್ಲಿ ಒಬ್ಬ ತಾಯಿ ತನ್ನ ಮಗಳನ್ನು ಕರೆದುಕೊಂಡು ಕ್ಲಿನಿಕ್‌ಗೆ ಬಂದರು. ಮಗಳು ಮನೆಯಲ್ಲೇ ಕುಳಿತು ಗ್ರಾಹಕರ ಕರೆಗಳಿಗೆ ಉತ್ತರಿಸುವ ಕೆಲಸದಲ್ಲಿದ್ದಾಳೆ. ದಿನಕ್ಕೆ ಎಂಟು ಗಂಟೆ ಕಿವಿಯ ಮೇಲೆ ಹೆಡ್‌ಫೋನ್. ಎರಡೂ ಕಿವಿಗಳ ಹಿಂದೆ ಚರ್ಮ ಕೆಂಪಾಗಿ ಸಿಪ್ಪೆ ಏಳುತ್ತಿತ್ತು. ಎಡಗಿವಿಯ ಒಳಗೆ ತಡೆಯಲಾಗದ ತುರಿಕೆ, ಜೊತೆಗೆ ನೋವು. ತಾಯಿ ಮೂರು ದಿನಗಳಿಂದ ಬೆಳ್ಳುಳ್ಳಿ ಹಾಕಿ ಕಾಯಿಸಿದ ತೆಂಗಿನೆಣ್ಣೆಯನ್ನು ಕಿವಿಗೆ ಬಿಡುತ್ತಿದ್ದರು. ನೋವು ಕಡಿಮೆಯಾಗುವ ಬದಲು ಜಾಸ್ತಿಯಾಗಿತ್ತು.

"ಹೆಡ್‌ಫೋನ್ ತಂದಿದ್ದೀಯಾ ಮಗಳೇ?" ಎಂದು ಕೇಳಿದೆ. ಬ್ಯಾಗಿನಿಂದ ತೆಗೆದು ಕೊಟ್ಟಳು. ಕಿವಿಗೆ ತಾಗುವ ಮೆತ್ತೆಯ ಕಪ್ಪು ಪದರ ಒಣಗಿದ ಬಣ್ಣದಂತೆ ಚೂರು ಚೂರಾಗಿ ಉದುರುತ್ತಿತ್ತು. ಅವಳ ಸ್ಕಾರ್ಫಿನ ಅಂಚಿನಲ್ಲೂ ಅದೇ ಕಪ್ಪು ಚೂರುಗಳು. ಒಳಗಿನ ಸ್ಪಂಜನ್ನು ಒತ್ತಿದರೆ ಬೆರಳಿಗೆ ತೇವ ತಾಗುತ್ತಿತ್ತು, ಮುಗ್ಗಲು ವಾಸನೆಯೂ ಇತ್ತು. "ದುಬೈಯಿಂದ ಅಣ್ಣ ತಂದುಕೊಟ್ಟದ್ದು ಡಾಕ್ಟ್ರೇ. ಮೂರು ವರ್ಷ ಆಯ್ತು. ಚೆನ್ನಾಗಿಯೇ ಕೇಳಿಸುತ್ತದೆ, ಎಸೆಯಲು ಮನಸ್ಸು ಬರುವುದಿಲ್ಲ" ಎಂದಳು.

ಎಸೆಯುವ ಅಗತ್ಯವೇ ಇರಲಿಲ್ಲ. ಬದಲಿಸಬೇಕಾಗಿದ್ದದ್ದು ಆ ಎರಡು ಮೆತ್ತೆಗಳನ್ನು ಮಾತ್ರ. ಆದರೆ ಹೆಡ್‌ಫೋನಿನ ಮೆತ್ತೆ, ಅಂದರೆ ಇಯರ್ ಪ್ಯಾಡ್, ಬಿಚ್ಚಿ ಬದಲಿಸುವ ವಸ್ತು ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ತಲೆದಿಂಬಿನ ಕವರನ್ನು ವಾರಕ್ಕೊಮ್ಮೆ ಒಗೆಯುತ್ತೇವೆ, ಟೋಪಿಯನ್ನು ಒಗೆಯುತ್ತೇವೆ. ದಿನವಿಡೀ ಚರ್ಮಕ್ಕೆ ಒತ್ತಿಕೊಂಡು ಬೆವರು ಹೀರುವ ಈ ವಸ್ತುವನ್ನು ಮಾತ್ರ ವರ್ಷಗಟ್ಟಲೆ ಮುಟ್ಟುವುದಿಲ್ಲ.

ಪ್ಯಾಡ್ ಹಾಳಾಗುವುದು ಹೇಗೆ?

ಹೆಚ್ಚಿನ ಹೆಡ್‌ಫೋನ್‌ಗಳ ಪ್ಯಾಡ್ ನೋಡಲು ಚರ್ಮದಂತಿದ್ದರೂ ಚರ್ಮವಲ್ಲ. ತೆಳುವಾದ ಬಟ್ಟೆಯ ಮೇಲೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಪದರ ಹಚ್ಚಿ ಅದನ್ನು ತಯಾರಿಸುತ್ತಾರೆ. ಈ ಪದರದ ದೊಡ್ಡ ಶತ್ರು ತೇವ. ಗಾಳಿಯಲ್ಲಿರುವ ನೀರಿನಂಶವೇ ಅದರ ಒಳಬಂಧಗಳನ್ನು ನಿಧಾನವಾಗಿ ಮುರಿಯುತ್ತದೆ. ಬೆವರು, ತಲೆಗೆ ಹಚ್ಚಿದ ಎಣ್ಣೆ, ಮುಖದ ಕ್ರೀಮ್ ಸೇರಿದರೆ ಇನ್ನೂ ಬೇಗ. ಬಳಸದೆ ಕಪಾಟಿನಲ್ಲಿಟ್ಟ ಹೆಡ್‌ಫೋನ್ ಕೂಡ ಎರಡು ಮಳೆಗಾಲ ಕಳೆದ ಮೇಲೆ ಸಿಪ್ಪೆ ಬಿಡುವುದು ಇದೇ ಕಾರಣಕ್ಕೆ.

ಪದರ ಬಿರುಕು ಬಿಟ್ಟ ಮೇಲೆ ಬೆವರು ನೇರವಾಗಿ ಸ್ಪಂಜಿಗೆ ಇಳಿಯುತ್ತದೆ. ಹೊರಗಿನಿಂದ ಎಷ್ಟು ಒರೆಸಿದರೂ ಒಳಗಿನ ಕೊಳೆ ಹೋಗುವುದಿಲ್ಲ. ಸ್ಪಂಜು ತನ್ನ ಉಬ್ಬನ್ನೂ ಕಳೆದುಕೊಂಡು ಚಪ್ಪಟೆಯಾಗುತ್ತದೆ. ಆಗ ಒಳಗಿನ ಗಟ್ಟಿ ಪ್ಲಾಸ್ಟಿಕ್ ಹೊರಗಿವಿಗೆ ತಾಗಿ ಒತ್ತುತ್ತದೆ. "ಅರ್ಧ ಗಂಟೆ ಹಾಕಿದರೆ ಕಿವಿ ನೋಯುತ್ತದೆ" ಎಂಬ ದೂರಿಗೆ ಎಷ್ಟೋ ಸಲ ಇಷ್ಟೇ ಕಾರಣ.

ಬಿಸಿ ಮತ್ತು ತೇವ ಸೇರಿದಾಗ

ಹರಾರತ್ ಎಂದರೆ ಬಿಸಿ, ರುತೂಬತ್ ಎಂದರೆ ತೇವ. ಇವೆರಡೂ ಒಂದೇ ಕಡೆ ಕಟ್ಟಿಕೊಂಡರೆ ಉಫೂನತ್, ಅಂದರೆ ಕೊಳೆಯುವಿಕೆ, ಉಂಟಾಗುತ್ತದೆ ಎಂದು ಯುನಾನಿ ಶಾಸ್ತ್ರ ಹೇಳುತ್ತದೆ. ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥದ ಮೂರನೇ ಭಾಗದಲ್ಲಿ ತಲೆಯಿಂದ ಪಾದದವರೆಗಿನ ಅಂಗಗಳ ರೋಗಗಳನ್ನು ವಿವರಿಸುವಾಗ ಕಿವಿಯ ರೋಗಗಳನ್ನೂ ಬಿಡದೆ ಸೇರಿಸಿದ್ದಾರೆ. ಹೆಡ್‌ಫೋನ್ ಅವರ ಕಾಲದ್ದಲ್ಲ. ಆದರೆ ಮುಚ್ಚಿದ ಕಿವಿಯಲ್ಲಿ ನಡೆಯುವುದು ಅದೇ ಹಳೆಯ ಸಂಗತಿ.

ಆಧುನಿಕ ವೈದ್ಯಶಾಸ್ತ್ರ ಇದನ್ನು ಬೇರೆ ಮಾತಿನಲ್ಲಿ ಹೇಳುತ್ತದೆ. ಕಿವಿಯ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ಕುರುಡು ಓಣಿ. ಅದರ ಚರ್ಮ ಸ್ವಲ್ಪ ಆಮ್ಲೀಯವಾಗಿರುತ್ತದೆ. ಅದರ ಮೇಲೆ ಜಿಡ್ಡಿನ ಗುಗ್ಗೆಯ ಲೇಪ ಇರುತ್ತದೆ. ಬ್ಯಾಕ್ಟೀರಿಯಾ, ಶಿಲೀಂಧ್ರಗಳನ್ನು ತಡೆಯುವ ಕಾವಲು ಅದು. ಗಂಟೆಗಟ್ಟಲೆ ಬಿಸಿ ಮತ್ತು ತೇವದಲ್ಲಿ ಚರ್ಮ ನೆನೆದು ಮೆತ್ತಗಾದರೆ ಆ ಕಾವಲು ಸಡಿಲವಾಗುತ್ತದೆ. ತುರಿಕೆ ಎಂದು ಬಡ್ಸ್, ಪಿನ್ನು, ಬೈಕಿನ ಕೀಲಿಕೈ ಹಾಕಿ ಕೆರೆದರೆ ಸಣ್ಣ ಗಾಯವಾಗಿ ಸೋಂಕಿಗೆ ಬಾಗಿಲು ತೆರೆಯುತ್ತದೆ.

ರೋಗಕ್ಕೆ ಮದ್ದು ಕೊಡುವ ಮೊದಲು ಅದರ ಕಾರಣವನ್ನು ತೆಗೆದುಹಾಕಬೇಕೆಂಬುದು ನಮ್ಮ ಹಕೀಮರು ಕಲಿಸಿದ ಮೊದಲ ಪಾಠ. ಇದನ್ನು ಇಝಾಲ-ಎ-ಸಬಬ್ ಎನ್ನುತ್ತಾರೆ. ಕೊಳೆತ ಪ್ಯಾಡನ್ನು ಹಾಗೆಯೇ ಉಳಿಸಿಕೊಂಡು ಕಿವಿಗೆ ಎಷ್ಟು ಮದ್ದು ಬಿಟ್ಟರೂ ಪ್ರಯೋಜನವಿಲ್ಲ.

ವುಝೂ, ಎಣ್ಣೆ, ಅತ್ತರು

ದಿನಕ್ಕೆ ಐದು ಹೊತ್ತು ನಾವು ವುಝೂ ಮಾಡುತ್ತೇವೆ, ಕಿವಿಗಳ ಒಳಮಡಿಕೆಗಳನ್ನೂ ಹಿಂಭಾಗವನ್ನೂ ಒದ್ದೆ ಬೆರಳಿನಿಂದ ಸವರುತ್ತೇವೆ. ಕಿವಿಯ ಶುಚಿತ್ವಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಬೇಕೆ? ಆದರೆ ಕಚೇರಿಯ ಅವಸರದಲ್ಲಿ ನಮಾಝ್ ಮುಗಿಸಿದ ಕೂಡಲೇ ಒದ್ದೆ ಕಿವಿಯ ಮೇಲೆ ಹೆಡ್‌ಫೋನ್ ಏರಿಸಿದರೆ ಆ ನೀರು ಅಲ್ಲೇ ಉಳಿಯುತ್ತದೆ. ಒಣ ಕರವಸ್ತ್ರದಿಂದ ಹೊರಗಿವಿ ಮತ್ತು ಕಿವಿಯ ಹಿಂಭಾಗವನ್ನು ಒತ್ತಿ ಒರೆಸಿ, ಕೆಲವು ನಿಮಿಷ ಗಾಳಿಯಾಡಲು ಬಿಡಿ. ನಾಳದೊಳಗೆ ಬಟ್ಟೆ ತುರುಕಬೇಡಿ. ನಮಾಝ್‌ನ ಹೊತ್ತು ಹೆಡ್‌ಫೋನ್ ಹೇಗೂ ಕೆಳಗಿಳಿಯುತ್ತದೆ. ಅದನ್ನು ಮಗುಚಿ ಮೇಜಿನ ಮೇಲಿಡಿ, ಮೆತ್ತೆಯ ಬೆವರೂ ಆರಲಿ.

ಇನ್ನೊಂದು ವಿಷಯ ಅತ್ತರು. ಜುಮಾದ ದಿನ ಕಿವಿಯ ಹಿಂದೆ ಅತ್ತರು ಹಚ್ಚುವುದು, ಅತ್ತರಿನ ಹತ್ತಿಯನ್ನು ಕಿವಿಯ ಮಡಿಕೆಯಲ್ಲಿ ಇಟ್ಟುಕೊಳ್ಳುವುದು ನಮ್ಮಲ್ಲಿ ರೂಢಿ. ಅದರ ಮೇಲೆ ಹೆಡ್‌ಫೋನ್ ಬೇಡ. ಸುಗಂಧದ ಎಣ್ಣೆ ಮೆತ್ತೆಯ ಪದರವನ್ನು ಹಾಳುಮಾಡುತ್ತದೆ. ಗಾಳಿಯಾಡದ ಚರ್ಮಕ್ಕೆ ಅದು ಒತ್ತಿಕೊಂಡರೆ ಅಲರ್ಜಿಯಾಗಿ ಕೆಂಪು ಗುಳ್ಳೆಗಳು ಏಳಬಹುದು. ಹೆಡ್‌ಫೋನ್ ಹಾಕುವ ದಿನ ಅತ್ತರನ್ನು ಬಟ್ಟೆಗೆ ಹಚ್ಚಿಕೊಳ್ಳಿ. ತಲೆಗೆ ಎಣ್ಣೆ ಹಚ್ಚುವವರು ರಾತ್ರಿ ಹಚ್ಚಿ ಬೆಳಗ್ಗೆ ತೊಳೆದುಕೊಳ್ಳಿ.

ಯಾವ ಮೆತ್ತೆ ಯಾರಿಗೆ?

ಕೃತಕ ಚರ್ಮದ ಪ್ಯಾಡ್ ಕಿವಿಯ ಸುತ್ತ ಬಿಗಿಯಾಗಿ ಕೂರುತ್ತದೆ, ಹೊರಗಿನ ಸದ್ದನ್ನು ತಡೆಯುತ್ತದೆ, ಒರೆಸಲೂ ಸುಲಭ. ಆದರೆ ಬೆವರಿಸುತ್ತದೆ. ಗದ್ದಲದ ಕಚೇರಿಗೆ, ಎಸಿ ಕೋಣೆಗೆ ಇದು ಸರಿ.

ವೆಲೂರ್ ಎಂಬ ಮಖಮಲ್ಲಿನಂಥ ಬಟ್ಟೆಯ ಪ್ಯಾಡ್ ಚರ್ಮಕ್ಕೆ ಮೃದು, ಗಾಳಿಯಾಡುತ್ತದೆ, ಬೆವರು ಕಡಿಮೆ. ಬೇಯರ್‌ಡೈನಾಮಿಕ್ ಕಂಪೆನಿಯ ಡಿಟಿ 770, ಡಿಟಿ 990 ಮಾದರಿಗಳಿಗೆ ಇಂಥ ಪ್ಯಾಡ್ ಕಂಪೆನಿಯಿಂದಲೇ ಬರುತ್ತದೆ. ಕೈಯಿಂದ ಒಗೆಯಬಹುದು. ಆದರೆ ಬಟ್ಟೆಯ ಮೂಲಕ ಸದ್ದು ಸ್ವಲ್ಪ ಸೋರುವುದರಿಂದ ಗಡಸು ಸ್ವರಗಳು ಕಡಿಮೆಯಾಗಿ ಕೇಳಿಸುತ್ತವೆ. ಮನೆಯಲ್ಲಿ ಓದುವವರಿಗೆ, ಬೇಸಗೆಗೆ, ಬೇಗ ಬೆವರುವವರಿಗೆ ಇದು ಹಿತ.

ಎರಡರ ಮಿಶ್ರಣವೂ ಇದೆ. ಕಿವಿಗೆ ತಾಗುವ ಮೇಲ್ಭಾಗ ಬಟ್ಟೆ, ಬದಿಗಳು ಕೃತಕ ಚರ್ಮ. ನಮ್ಮ ಹವೆಗೆ ನಾನು ಹೆಚ್ಚಾಗಿ ಇದನ್ನೇ ಸೂಚಿಸುತ್ತೇನೆ.

ನಿಜವಾದ ಚರ್ಮದ ಪ್ಯಾಡ್‌ಗಳೂ ಸಿಗುತ್ತವೆ. ಅವುಗಳಲ್ಲಿ ಕುರಿಯ ಚರ್ಮದ್ದೇ ಹೆಚ್ಚು ಹೆಸರುವಾಸಿ. ಬರೇ 'ಅಸಲಿ ಚರ್ಮ' ಎಂದು ಬರೆದು ಪ್ರಾಣಿಯ ಹೆಸರು ಹೇಳದಿದ್ದರೆ ಮಾರುವವರನ್ನು ಕೇಳಿ. ಉತ್ತರ ಸಿಗದಿದ್ದರೆ ಬಿಟ್ಟುಬಿಡಿ, ಬಟ್ಟೆಯದ್ದು ಇದ್ದೇ ಇದೆ. 'ಪ್ರೋಟೀನ್ ಲೆದರ್' ಎಂಬ ಹೆಸರು ನೋಡಿ ಕೆಲವರು ಗಾಬರಿಯಾಗುತ್ತಾರೆ. ಅದು ಪ್ರಾಣಿಯ ತೊಗಲಲ್ಲ, ಮೃದುವಾದ ಒಂದು ಬಗೆಯ ಕೃತಕ ಚರ್ಮ. ಅದರಲ್ಲಿ ಬೆರೆಸುವ ವಸ್ತುಗಳ ಬಗ್ಗೆ ಸಂದೇಹವಿರುವವರು ನಿಮ್ಮ ಉಸ್ತಾದರನ್ನು ಕೇಳಿ ತಿಳಿದುಕೊಳ್ಳಿ.

ಒಳಗಿನ ಸ್ಪಂಜಿನಲ್ಲೂ ವ್ಯತ್ಯಾಸವಿದೆ. ಒತ್ತಿದರೆ ನಿಧಾನವಾಗಿ ಮೇಲೇಳುವ ಮೆಮೊರಿ ಫೋಮ್ ತಲೆಯ ಆಕಾರಕ್ಕೆ ಒಗ್ಗಿಕೊಳ್ಳುತ್ತದೆ. ಕನ್ನಡಕ ಹಾಕುವವರಿಗೆ ಇದು ಉತ್ತಮ, ಏಕೆಂದರೆ ಕಡ್ಡಿಯ ಸುತ್ತ ಅದು ತಗ್ಗಿಕೊಂಡು ಒತ್ತಡವನ್ನು ಹಂಚುತ್ತದೆ.

ಅಳತೆ ಮತ್ತು ಜೋಡಣೆ

ಕೊಳ್ಳುವ ಮುನ್ನ ಹೆಡ್‌ಫೋನಿನ ಪೂರ್ತಿ ಮಾದರಿ ಸಂಖ್ಯೆ ನೋಡಿಕೊಳ್ಳಿ. ಅದು ಅಳಿಸಿಹೋಗಿದ್ದರೆ ಹಳೆಯ ಪ್ಯಾಡಿನ ಉದ್ದ, ಅಗಲ, ದಪ್ಪವನ್ನು ಸ್ಕೇಲ್‌ನಿಂದ ಮಿಲಿಮೀಟರ್‌ನಲ್ಲಿ ಅಳೆಯಿರಿ. ಒಳಗಿನ ತೂತಿನ ಅಳತೆ ಬಹಳ ಮುಖ್ಯ. ದೊಡ್ಡವರ ಕಿವಿ ಸುಮಾರು ಆರು ಸೆಂಟಿಮೀಟರ್ ಉದ್ದ ಇರುತ್ತದೆ. ಕಿವಿ ಪೂರ್ತಿ ಒಳಗೆ ಕೂರದೆ ಅಂಚಿಗೆ ಸಿಕ್ಕಿಕೊಂಡರೆ ಎಷ್ಟು ದುಬಾರಿ ಪ್ಯಾಡ್ ಆದರೂ ನೋವು ತಪ್ಪದು.

ಜೋಡಣೆಯಲ್ಲಿ ನಾಲ್ಕು ಬಗೆಗಳಿವೆ. ಒಂದು, ಪ್ಯಾಡಿನ ಹಿಂದಿನ ತೆಳು ಅಂಚನ್ನು ಹೆಡ್‌ಫೋನಿನ ಬಟ್ಟಲಿನ ಸುತ್ತ ಎಳೆದು ಸಿಕ್ಕಿಸುವುದು. ಆಡಿಯೋ ಟೆಕ್ನಿಕಾದ ಎಂ50ಎಕ್ಸ್ ಈ ಬಗೆಯದು. ಎರಡು, ಪ್ಲಾಸ್ಟಿಕ್ ಕೊಕ್ಕೆಗಳು 'ಟಕ್' ಎಂದು ಕೂರುವುದು. ಸೋನಿಯ 1000ಎಕ್ಸ್‌ಎಂ4 ಹೀಗಿದೆ. ಮೂರು, ಅಯಸ್ಕಾಂತ. ಆಪಲ್‌ನ ಏರ್‌ಪಾಡ್ಸ್ ಮ್ಯಾಕ್ಸ್‌ನಲ್ಲಿ ಮೆತ್ತೆಯನ್ನು ಎಳೆದರೆ ಸಾಕು. ನಾಲ್ಕು, ಅಂಟು. ಇದನ್ನು ನಿಧಾನವಾಗಿ ಬಿಡಿಸಿ ಹಳೆಯ ಅಂಟನ್ನು ಪೂರ್ತಿ ತೆಗೆದ ಮೇಲೆ ಹೊಸದನ್ನು ಅಂಟಿಸಬೇಕು.

ಮೊದಲನೆಯ ಬಗೆಯಲ್ಲಿ ಜನ ಹೆಚ್ಚು ಒದ್ದಾಡುತ್ತಾರೆ. ಅಂಚನ್ನು ಒಂದು ಕಡೆ ಸಿಕ್ಕಿಸಿ, ಹೆಬ್ಬೆರಳಿನಿಂದ ಹಿಡಿದುಕೊಂಡು, ದಿಂಬಿಗೆ ಕವರು ಹಾಕಿದಂತೆ ಸುತ್ತಲೂ ಸ್ವಲ್ಪ ಸ್ವಲ್ಪವೇ ಎಳೆಯುತ್ತಾ ಬನ್ನಿ. ಚಾಕು, ಸ್ಕ್ರೂಡ್ರೈವರ್ ಬಳಸಬೇಡಿ, ಒಳಗಿನ ತೆಳು ಪರದೆ ಹರಿದರೆ ಸ್ಪೀಕರಿಗೇ ಹಾನಿ. ಎಡ ಬಲ ಗುರುತು ಇದೆಯೇ ನೋಡಿ. ಬಟ್ಟಲಿನೊಳಗೆ ತೆಳುವಾದ ಸ್ಪಂಜಿನ ಹಾಳೆ ಇದ್ದರೆ ಎಸೆಯದೆ ಮತ್ತೆ ಅಲ್ಲೇ ಇಡಿ.

ಸಾಮಾನ್ಯ ಮಾದರಿಗಳ ಪ್ಯಾಡ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಹೊಸ ಹೆಡ್‌ಫೋನ್ ಕೊಳ್ಳುವ ದುಂದು ತಪ್ಪುತ್ತದೆ.

ಸ್ಕಾರ್ಫ್ ಧರಿಸುವ ಸಹೋದರಿಯರಿಗೆ

ಸ್ಕಾರ್ಫಿನ ಮೇಲೆ ಹೆಡ್‌ಫೋನ್ ಹಾಕಿದಾಗ ಎರಡು ತೊಂದರೆಗಳಿವೆ. ಬಟ್ಟೆಯ ಮಡಿಕೆಗಳು ಮತ್ತು ಪಿನ್ನು ಮೆತ್ತೆಯ ಅಡಿಯಲ್ಲಿ ಸಿಕ್ಕಿ ಚರ್ಮವನ್ನು ಒತ್ತುತ್ತವೆ. ಅಲ್ಲದೆ ಮೆತ್ತೆಗೂ ತಲೆಗೂ ನಡುವೆ ಸಂದು ಉಳಿದು ಸದ್ದು ಸೋರುತ್ತದೆ. ಕಿವಿಯ ಬಳಿ ಒಂದೇ ಪದರ ಬರುವಂತೆ ತೆಳುವಾದ ಹತ್ತಿಯ ಬಟ್ಟೆ ಕಟ್ಟಿಕೊಳ್ಳಿ. ಪಿನ್ನು ಕಿವಿಯಿಂದ ದೂರ, ಗದ್ದದ ಕೆಳಗೆ ಅಥವಾ ಭುಜದ ಬಳಿ ಇರಲಿ. ಆಳವಾದ, ಮೃದು ಫೋಮಿನ ಪ್ಯಾಡ್ ಆರಿಸಿ. ತಲೆಪಟ್ಟಿ ತೆಳುವಾಗಿದ್ದರೆ ಹೆಡ್‌ಫೋನ್ ಮೊದಲು ಹಾಕಿ ಅದರ ಮೇಲೆ ಸ್ಕಾರ್ಫ್ ಸಡಿಲವಾಗಿ ಸುತ್ತುವುದೂ ಒಂದು ದಾರಿ. ಅದು ಬೆವರಿಸುವುದರಿಂದ ಸ್ವಲ್ಪ ಹೊತ್ತಿನ ಕೆಲಸಕ್ಕೆ ಮಾತ್ರ ಸಾಕು. ಕಿವಿಗೆ ತಾಗುವ ಒಳಟೋಪಿ, ಸ್ಕಾರ್ಫ್ ಪ್ರತಿದಿನ ಒಗೆದದ್ದೇ ಆಗಿರಲಿ.

ಸದ್ದಿನ ವಿಷಯ ಮರೆಯದಿರಿ

ಈ ಲೇಖನ ಬರೆಯಲು ನಿಜವಾದ ಕಾರಣ ಇದು. ಚರ್ಮದ ತುರಿಕೆ ವಾಸಿಯಾಗುತ್ತದೆ. ಅತಿಯಾದ ಸದ್ದಿನಿಂದ ಸತ್ತ ಒಳಗಿವಿಯ ಸೂಕ್ಷ್ಮ ಕೋಶಗಳು ಮತ್ತೆ ಹುಟ್ಟುವುದಿಲ್ಲ. ಅದಕ್ಕೆ ಯುನಾನಿಯಲ್ಲೂ ಇಲ್ಲ, ಅಲೋಪಥಿಯಲ್ಲೂ ಇಲ್ಲ, ಮರಳಿ ಬೆಳೆಸುವ ಮದ್ದು.

ಮೆತ್ತೆ ಸವೆದು ಸಂದು ಬಿಟ್ಟಾಗ ಹೊರಗಿನ ಗದ್ದಲ ಒಳಗೆ ಬರುತ್ತದೆ, ಒಳಗಿನ ಸದ್ದು ಹೊರಗೆ ಹೋಗುತ್ತದೆ. ನಾವು ಗೊತ್ತಿಲ್ಲದೆಯೇ ವಾಲ್ಯೂಮ್ ಏರಿಸುತ್ತೇವೆ. ಸರಿಯಾಗಿ ಕೂರುವ ಹೊಸ ಮೆತ್ತೆ ಹಾಕಿದ ದಿನ ವಾಲ್ಯೂಮನ್ನು ಎರಡು ಮೂರು ಹಂತ ಇಳಿಸಿ ನೋಡಿ, ಅಷ್ಟೇ ಸ್ಪಷ್ಟವಾಗಿ ಕೇಳಿಸುತ್ತದೆ. ಗಾಳಿಯಾಡುವ ಬಟ್ಟೆಯ ಪ್ಯಾಡನ್ನು ಗದ್ದಲದ ಬಸ್ಸಿನಲ್ಲಿ ಬಳಸಿದರೆ ಇದಕ್ಕೆ ವಿರುದ್ಧವಾಗುತ್ತದೆ, ವಾಲ್ಯೂಮ್ ಏರಿಸುವ ಆಸೆಯಾಗುತ್ತದೆ. ಆದ್ದರಿಂದ ಹಿತವೊಂದನ್ನೇ ನೋಡಬೇಡಿ, ಬಳಸುವ ಜಾಗವನ್ನೂ ನೋಡಿ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ 80 ಡೆಸಿಬೆಲ್ ಸದ್ದು ವಾರಕ್ಕೆ 40 ಗಂಟೆ, ಮಕ್ಕಳಿಗೆ 75 ಡೆಸಿಬೆಲ್ ವಾರಕ್ಕೆ 40 ಗಂಟೆ ಎಂಬುದು ಸುರಕ್ಷಿತ ಮಿತಿ. ಸದ್ದು 3 ಡೆಸಿಬೆಲ್ ಏರಿದಾಗಲೆಲ್ಲ ಸಮಯ ಅರ್ಧಕ್ಕೆ ಇಳಿಯುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ. 100 ಡೆಸಿಬೆಲ್‌ಗೆ ಇಡೀ ವಾರಕ್ಕೆ ಬರೇ 20 ನಿಮಿಷ. ಅಳೆಯುವ ಯಂತ್ರ ಎಲ್ಲರಲ್ಲೂ ಇರುವುದಿಲ್ಲ. ವಾಲ್ಯೂಮ್ ಶೇಕಡಾ 60ರ ಕೆಳಗಿರಲಿ. ಒಂದು ಕೈ ದೂರದಲ್ಲಿ ನಿಂತವರ ಸಾಧಾರಣ ಮಾತು ಕೇಳಿಸದಿದ್ದರೆ ಸದ್ದು ಜಾಸ್ತಿಯಾಗಿದೆ ಎಂದೇ ಅರ್ಥ.

ಇನ್ನೊಂದು ಎಚ್ಚರಿಕೆ. ಹಳೆಯ ಗಟ್ಟಿ ಮೆತ್ತೆ ನೋಯುತ್ತಿತ್ತು, ಆದ್ದರಿಂದ ನೀವು ಆಗಾಗ ತೆಗೆಯುತ್ತಿದ್ದಿರಿ. ಹೊಸದು ಹಿತವಾಗಿದೆ ಎಂದು ಮೂರು ಗಂಟೆ ತೆಗೆಯದೆ ಕುಳಿತರೆ ಕಿವಿಗೆ ಲಾಭವಿಲ್ಲ. ಗಂಟೆಗೊಮ್ಮೆ ಐದು ಹತ್ತು ನಿಮಿಷ ಕಿವಿಗೆ ವಿರಾಮ ಕೊಡಿ.

ಮಕ್ಕಳು ಮತ್ತು ಹಂಚಿಕೊಳ್ಳುವ ಅಭ್ಯಾಸ

ಹಿಫ್ಝ್ ಮಾಡುವ ಮಕ್ಕಳು ಪಾರಾಯಣವನ್ನು ಹೆಡ್‌ಫೋನಿನಲ್ಲಿ ಮತ್ತೆ ಮತ್ತೆ ಕೇಳಿ ಕಲಿಯುತ್ತಾರೆ. ಕೇಳುತ್ತಿರುವುದು ಪವಿತ್ರ ಕುರ್‌ಆನ್ ಎಂದು ನಾವು ವಾಲ್ಯೂಮ್ ಕಡೆ ಗಮನ ಕೊಡುವುದಿಲ್ಲ. ಕಿವಿಯ ಕೋಶಗಳಿಗೆ ಸದ್ದು ಸದ್ದೇ. ಮನೆಯಲ್ಲಿ ನಿಶ್ಶಬ್ದವಿದ್ದಾಗ ಸಣ್ಣ ಸ್ಪೀಕರಿನಲ್ಲಿ ಕೇಳಿಸಿ. ಹೆಡ್‌ಫೋನ್ ಬೇಕೇ ಬೇಕಾದರೆ ಫೋನಿನ ಸೆಟ್ಟಿಂಗ್‌ನಲ್ಲಿ ಗರಿಷ್ಠ ಸದ್ದಿಗೆ ಮಿತಿ ಹಾಕಿ.

ಒಂದೇ ಹೆಡ್‌ಫೋನನ್ನು ಅಣ್ಣ, ತಂಗಿ, ಪಕ್ಕದ ಮನೆಯ ಮಗು ಎಲ್ಲರೂ ಬಳಸುವುದು ಬೇಡ. ಕಂಪ್ಯೂಟರ್ ಕೋಣೆಯಲ್ಲಿ ಹಂಚಿಕೊಳ್ಳಲೇಬೇಕಾದರೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಬಟ್ಟೆಯ ಕವರು ಇರಲಿ. ಮೆತ್ತೆಯ ಮೇಲೆ ಹಾಕುವ, ಒಗೆಯಬಹುದಾದ ಎಲಾಸ್ಟಿಕ್ ಕವರುಗಳು ಅಂಗಡಿಯಲ್ಲಿ ಸಿಗುತ್ತವೆ. ಹಳೆಯ ಮೃದು ಹತ್ತಿ ಬಟ್ಟೆಯಲ್ಲಿ ಮನೆಯಲ್ಲೇ ಹೊಲಿಯಬಹುದು.

ಕೃತಕ ಚರ್ಮದ ಪ್ಯಾಡನ್ನು ವಾರಕ್ಕೆರಡು ಸಲ ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ, ಆಮೇಲೆ ಒಣಬಟ್ಟೆಯಿಂದ ಒರೆಸಿ. ಸ್ಪಿರಿಟ್ ಹಚ್ಚಿದರೆ ಬೇಗ ಬಿರುಕು ಬಿಡುತ್ತದೆ. ಬಟ್ಟೆಯ ಪ್ಯಾಡನ್ನು ಬಿಚ್ಚಿ ಉಗುರುಬೆಚ್ಚಗಿನ ನೀರಿನಲ್ಲಿ ಮೃದು ಸೋಪಿನಿಂದ ತೊಳೆದು, ಟವೆಲ್ಲಿನಲ್ಲಿ ಒತ್ತಿ, ನೆರಳಿನಲ್ಲಿ ಪೂರ್ತಿ ಒಣಗಿಸಿ. ಮಳೆಗಾಲದಲ್ಲಿ ಇದಕ್ಕೆ ಎರಡು ದಿನವೂ ಬೇಕಾಗಬಹುದು. ಒಳಗೆ ತೇವ ಉಳಿದ ಪ್ಯಾಡನ್ನು ಮತ್ತೆ ಹಾಕಬೇಡಿ.

ವೈದ್ಯರ ಬಳಿ ಯಾವಾಗ ಹೋಗಬೇಕು?

ಹೊರಗಿವಿಯನ್ನು ಎಳೆದಾಗ ಅಥವಾ ರಂಧ್ರದ ಮುಂದಿನ ಸಣ್ಣ ಉಬ್ಬನ್ನು ಒತ್ತಿದಾಗ ನೋವಾದರೆ ಅದು ನಾಳದ ಸೋಂಕಿನ ಲಕ್ಷಣ. ವಿಪರೀತ ತುರಿಕೆ, ಕಿವಿ ಕಟ್ಟಿದಂತಾಗುವುದು, ಬಿಳಿ ಅಥವಾ ಕಪ್ಪು ಚುಕ್ಕೆಗಳಿರುವ ಕಸ ಬರುವುದು ಶಿಲೀಂಧ್ರದ ಸೂಚನೆ. ಇಂಥ ಕಿವಿಗೆ ಎಣ್ಣೆ ಬಿಡಬೇಡಿ. ಯುನಾನಿಯಲ್ಲಿ ಕಿವಿಗೆ ಬಾದಾಮಿ ಎಣ್ಣೆಯಂಥ ರೋಗನ್‌ಗಳ ಬಳಕೆ ಇದೆ. ಆದರೆ ಕಿವಿಯನ್ನು ನೋಡದೆ, ತಮಟೆ ತೂತಾಗಿಲ್ಲ ಎಂದು ಖಚಿತಪಡಿಸಿಕೊಳ್ಳದೆ ಯಾವುದನ್ನೂ ಬಿಡಬಾರದು. ಸೋರುವ ಕಿವಿಗಂತೂ ಖಂಡಿತ ಬೇಡ.

ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ಕಿವಿನೋವು ರಾತ್ರಿ ನಿದ್ದೆ ಬಾರದಷ್ಟು ಇದ್ದರೆ ಕಾಯಬೇಡಿ. ಅವರಲ್ಲಿ ಈ ಸೋಂಕು ಎಲುಬಿನವರೆಗೂ ಹರಡಬಹುದು. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದಂತಾದರೆ ಅದೇ ದಿನ ಕಿವಿ-ಮೂಗು-ಗಂಟಲು ತಜ್ಞರಲ್ಲಿಗೆ ಹೋಗಿ. ಬೇಗ ಚಿಕಿತ್ಸೆ ಸಿಕ್ಕಿದಷ್ಟು ಶ್ರವಣ ಮರಳುವ ಸಾಧ್ಯತೆ ಹೆಚ್ಚು.

ಆ ಹುಡುಗಿಯ ಎಡಗಿವಿಯಲ್ಲಿ ಶಿಲೀಂಧ್ರ ಬೆಳೆದಿತ್ತು. ಎಣ್ಣೆ ನಿಲ್ಲಿಸಿ ತಜ್ಞರ ಬಳಿ ಕಳುಹಿಸಿದೆ. ಅವರು ಯಂತ್ರದಿಂದ ಕಿವಿ ಸ್ವಚ್ಛಗೊಳಿಸಿ ಹನಿ ಮದ್ದು ಕೊಟ್ಟರು. ಗುಣವಾಗುವವರೆಗೆ ಹೆಡ್‌ಫೋನ್ ಬಿಟ್ಟು ಸ್ಪೀಕರಿನಲ್ಲಿ ಕೆಲಸ ಮಾಡಿದಳು. ಆಮೇಲೆ ಹಳೆಯ ಹೆಡ್‌ಫೋನಿಗೆ ಬಟ್ಟೆ ಮತ್ತು ಕೃತಕ ಚರ್ಮ ಬೆರೆತ ಹೊಸ ಮೆತ್ತೆ ಹಾಕಿಸಿಕೊಂಡಳು. ಮುಂದಿನ ಸಲ ತಾಯಿಗೆ ಔಷಧಿ ಕೊಂಡೊಯ್ಯಲು ಬಂದಾಗ, "ಅಣ್ಣ ಕೊಟ್ಟದ್ದು ಉಳಿಯಿತು ಡಾಕ್ಟ್ರೇ" ಎಂದು ನಕ್ಕಳು. ಆ ದಿನ ನಾನು ಮನೆಗೆ ಹೋಗಿ ನನ್ನ ಮಗನ ಹೆಡ್‌ಫೋನ್ ತೆಗೆದು ನೋಡಿದೆ. ಅದರ ಮೆತ್ತೆಯೂ ಅಂಚಿನಲ್ಲಿ ಸಿಪ್ಪೆ ಬಿಡಲು ಶುರುವಾಗಿತ್ತು.

ಶ್ರವಣ ಶಕ್ತಿ ಅಲ್ಲಾಹನು ನಮ್ಮ ಬಳಿ ಇಟ್ಟಿರುವ ಅಮಾನತ್. ಇವತ್ತು ಇಶಾ ನಮಾಝ್ ಮುಗಿದ ಮೇಲೆ ನಿಮ್ಮ ಮನೆಯ ಹೆಡ್‌ಫೋನ್‌ಗಳನ್ನೆಲ್ಲ ಒಂದು ಕಡೆ ತನ್ನಿ. ಮೆತ್ತೆಗಳನ್ನು ಬೆಳಕಿನಲ್ಲಿ ನೋಡಿ, ಬೆರಳಿನಿಂದ ಒತ್ತಿ, ಮೂಸಿ ನೋಡಿ. ಸಿಪ್ಪೆ, ತೇವ, ವಾಸನೆ, ಇವುಗಳಲ್ಲಿ ಒಂದಿದ್ದರೂ ಅದನ್ನು ಬದಲಿಸುವ ಸಮಯ ಬಂದಿದೆ.